ಕೊಂಡವಾಡವೂ ನನ್ನ ಹೊಟ್ಟೆಕಿಚ್ಚೂ

ಪಂಚಾಯ್ತಿ ಮೆಂಬರ್ ಆದವನ ಮರ್ಯಾದೆ ಹೋಗುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಕೆಲವನ್ನು ನಾನೇ ಎದುರು ಹೋಗಿ ಕರೆತಂದೆ. ತೊಂಬತ್ತರ ದಶಕದಲ್ಲಿ ಸಿದ್ದಾಪುರ ತಾಲೂಕಿನ ಮೂಲೆಯ ನಮ್ಮ ಪಂಚಾಯ್ತಿಗೆ ಅಧ್ಯಕ್ಷನಾಗುವ ಆಸೆಯಿಂದಲೇ ನಿಂತು ಗೆದ್ದೆ. ಖುರ್ಚಿ ಮಹಿಳೆಗೆ ಮೀಸಲಾಯಿತು. ಅದರ ಮೇಲೆ ಕುಳಿತವಳು ನನ್ನ ದಾಯಾದಿ ತಮ್ಮನ ಹೆಂಡತಿ, ಪಕ್ಕದ ಮನೆಯವಳು. ಎರಡೂವರೆ ವರ್ಷದ ನಂತರ ಬರುವ ಎರಡನೇ ಅವಧಿಗೆ ಮೀಸಲಾತಿ ಇರಲಿಲ್ಲ. ಅಷ್ಟರೊಳಗೆ ಅವಳ ಹೆಸರು ಕೊಂಚ ಕೆಟ್ಟರೆ ನನಗೆ ಸಾಕಿತ್ತು.

೧. ಗಂಡನ ಎಮ್ಮೆ

ಅವಳು ಮೊದಲು ಕೈಹಾಕಿದ್ದು ಕೊಂಡವಾಡಕ್ಕೆ. ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿ ಅದು. ಬೇಲಿ ಸರಿಮಾಡಿಸಿದ ವಾರವೇ ಅವಳ ಮನೆಯ ಎಮ್ಮೆಯೇ ಒಳಗೆ ಬಿತ್ತು. ಬಿಡಿಸಲು ಗಂಡ ಬಂದ. "ಮನೇಲಿ ನಿಂಗೊ ಹೇಳಿದ್ಹಾಂಗೆ. ಇಲ್ಲಿ ದಂಡ ಕಟ್ಟವು" ಎಂದು ಕಟ್ಟಿಸಿಕೊಂಡೇ ಬಿಟ್ಟಳಂತೆ. ಇವತ್ತು ಅವರ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂದು ನಾನು ಖುಷಿಪಟ್ಟೆ. ಸಂಜೆ ಕಾನಸೂರಿನ ಚಾ ಅಂಗಡಿಗೆ ಹೋದರೆ ಅದೇ ಗಂಡ ರಶೀದಿ ತೋರಿಸುತ್ತ ಎದೆಯುಬ್ಬಿಸಿ ಕೂತಿದ್ದ. ಯಾವತ್ತೂ ದಂಡ ಕಟ್ಟದ ಊರಿನ ದೊಡ್ಡ ಕುಳವೊಂದು ಮರುದಿನ ಸದ್ದಿಲ್ಲದೆ ಬಂದು ಕಟ್ಟಿ ಹೋಯಿತು. ಅವರ ಮನೆಯ ಒಲೆ ಎಂದಿನಂತೆ ಉರಿಯಿತು. ಜೊತೆಗೆ ನನ್ನ ಹೊಟ್ಟೆಯೂ.

೨. ಒಂದು ಎತ್ತು, ಒಂಬತ್ತು ಓಟು

ನನಗೆ ಓಟು ಹಾಕಿದವನೊಬ್ಬನ ಎತ್ತು ಸಿಕ್ಕಿಬಿತ್ತು. ನಮ್ಮವನು, ಬಿಟ್ಟುಬಿಡು ಎಂದೆ. ಅವಳು ಗೋಡೆಯ ಮೇಲಿದ್ದ ನಿಯಮದ ಹಾಳೆ ತೋರಿಸಿದಳು. ನಾನು ಕಾವಲುಗಾರನ ಕಿವಿಯಲ್ಲಿ ಹೇಳಿ ಹಿಂಬಾಗಿಲಿಂದ ಬಿಡಿಸಿದೆ. ಮರುವಾರ ನಮ್ಮವರೇ ಎಂಟು ಮಂದಿ ನನ್ನ ಜಗಲಿಗೆ ಬಂದರು, ತಮ್ಮ ದನಗಳನ್ನೂ ಹಾಗೆಯೇ ಬಿಡಿಸು ಎಂದು. ಆಗಲಿಲ್ಲ. ಎಂಟೂ ಜನ ಮಾತು ಬಿಟ್ಟರು. ಎತ್ತಿನವನಾದರೂ ಉಳಿದನಲ್ಲ ಎಂದುಕೊಂಡರೆ ಅವನು ಊರೆಲ್ಲ ಹೇಳಿಕೊಂಡು ಬಂದನಂತೆ, ಆ ಮೆಂಬರ್ ಮಾತಿಗೆ ಬೆಲೆಯಿಲ್ಲ, ಎತ್ತು ಕಳ್ಳದಾರಿಯಲ್ಲಿ ಬರಬೇಕಾಯಿತು ಎಂದು.

೩. ಎಂಜಲೆಲೆ

ಪಂಚಾಯ್ತಿ ಬಾವಿಯ ಹತ್ತಿರ ಎಂಜಲೆಲೆಯ ರಾಶಿ ಬಿದ್ದಿತ್ತು. ಪಕ್ಕದ ಅಂಗಡಿಯವನಿಗೆ ಈಗಲೇ ದಂಡ ಹಾಕಬೇಕೆಂದು ಸಭೆಯಲ್ಲಿ ಮೇಜು ಗುದ್ದಿದೆ. "ಮೊದಲು ಅವನ ಮಾತು ಕೇಳವು ಭಾವ. ಕಾನೂನು ಇಪ್ಪುದೇ ಹಾಂಗೆ" ಎಂದು ಅವನನ್ನು ಕರೆಸಿದಳು. ಅಂಗಡಿಯವನು ಬಂದು ಕೈಮುಗಿದು ನಿಂತ. ಎಲೆಗಳು ಈ ಮೆಂಬರ್ ಸಾಹೇಬರ ಮನೆಯ ಮುಂಜಿಯವು, ಪಾಯಸ ಚೆನ್ನಾಗಿತ್ತು ಎಂದ.

೪. ಕೆಂಪು ಬಟ್ಟೆಯ ಹಗ್ಗ

ಎರಡನೇ ಅವಧಿಯ ಆಯ್ಕೆಗೆ ತಿಂಗಳಿತ್ತು. ಮತ್ತೆ ಅವಳೇ ಆಗಲಿ ಎಂಬ ಮಾತು ಎಲ್ಲ ಕಡೆ. ಕಾನೂನು ಎಲ್ಲರಿಗೂ ಒಂದೇ ಎಂದು ಅವಳು ಹೇಳಿದರೆ ಊರು ನಂಬುತ್ತಿತ್ತು, ನಾನು ಹೇಳಿದರೆ ನಗುತ್ತಿತ್ತು. ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಯಾರೂ ಇಲ್ಲದಾಗ ಕೊಟ್ಟಿಗೆಯಿಂದ ಅವಳ ದನ ಬಿಚ್ಚಿ, ಕೈಗೆ ಸಿಕ್ಕ ಹಗ್ಗ ಹಾಕಿ ಕೊಂಡವಾಡಕ್ಕೆ ಎಳೆದೊಯ್ದು, ಶಾಲೆಯ ತೋಟ ಮೇಯುತ್ತಿತ್ತು ಎಂದು ಬರೆಸಿ ಸಹಿ ಹಾಕಿದೆ.

ಅವಳು ಬಂದಳು. ಮೊದಲು ದಂಡ ಕಟ್ಟಿ ರಶೀದಿ ತಗೊಂಡಳು. ಆಮೇಲೆ ದನದ ಕೊರಳು ನೋಡಿದಳು. "ಭಾವ, ದನ ಎಂಗಳದ್ದು. ಹಗ್ಗ ನಿಂಗಳದ್ದು." ಹಗ್ಗದ ತುದಿಯಲ್ಲಿ ನನ್ನ ಹೆಂಡತಿ ಗುರುತಿಗೆಂದು ಕಟ್ಟಿದ್ದ ಕೆಂಪು ಬಟ್ಟೆ ತೂಗುತ್ತಿತ್ತು.

ಸುದ್ದಿ ತಿಳಿದ ಮೆಂಬರುಗಳೆಲ್ಲ ಕೂಡಲೇ ನನಗೆ ದಂಡ ಹಾಕಿ ಎಂದರು. ನಾನೂ ಹಾಕಿ ಎಂದೆ. ಕಟ್ಟಿ ತಲೆತಗ್ಗಿಸಿ ಮನೆ ಸೇರಿದರೆ ಸಾಕಾಗಿತ್ತು. ಅವಳು ಒಪ್ಪಲಿಲ್ಲ. "ಮೊದಲು ಭಾವನ ಮಾತು ಕೇಳವು" ಎಂದು ಪಕ್ಕದ ಮನೆಗೇ ನೋಟೀಸು ಕಳಿಸಿದಳು.

ಸಭೆಯಲ್ಲಿ ಎದ್ದು ನಿಂತೆ. ದನಕ್ಕೆ ಬಾಯಾರಿಕೆಯಾಗಿತ್ತು ಎಂದೆ. ಹಗ್ಗ ಅದಲುಬದಲಾಗಿರಬೇಕು ಎಂದೆ. ಯಾರೂ ನಗಲಿಲ್ಲ, ಬೈಯಲಿಲ್ಲ, ಎಲ್ಲರೂ ನೆಟ್ಟಗೆ ಕೂತು ಕೇಳಿದರು. ಅದನ್ನು ತಾಳಲಾರದೆ ಕೊನೆಗೆ ನಿಜವನ್ನೇ ಹೇಳಿ ಕೂತೆ. ಕಾರ್ಯದರ್ಶಿ ಠರಾವು ಪುಸ್ತಕ ಬಿಡಿಸಿ ಬರೆದು, ಗಟ್ಟಿಯಾಗಿ ಓದಿದರು: "ಸದಸ್ಯರು ಹೊಟ್ಟೆಕಿಚ್ಚಿನಿಂದ ದನ ಬಿಚ್ಚಿದ್ದಾಗಿ ತಿಳಿಸಿದರು. ಸಭೆಯು ಸರ್ವಾನುಮತದಿಂದ ಒಪ್ಪಿತು."

ಖುರ್ಚಿ ಮತ್ತೆ ಅವಳದೇ ಆಯಿತು. ಐದು ವರ್ಷಗಳಲ್ಲಿ ನಾನು ಹೇಳಿದ್ದನ್ನು ಆ ಸಭೆ ಸರ್ವಾನುಮತದಿಂದ ಒಪ್ಪಿದ್ದು ಅದೊಂದೇ ಸಲ.