ಮಿನೆಸೋಟದ ಮೈದಾನ

ಸ್ವೀಡನ್ನಿನ ಇಡೀ ಗೋಥೆನ್‌ಬರ್ಗ್ ಊರಿನಲ್ಲಿ ಅಮೆರಿಕದ ಮಿನೆಸೋಟ ರಾಜ್ಯವನ್ನು ಅರೆದು ಕುಡಿದ ಏಕೈಕ ಕನ್ನಡಿಗ ನಾನೇ ಎಂದು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಕಂಪನಿಯವರು ಹಿಂದೊಮ್ಮೆ ಒಂದಿಡೀ ಚಳಿಗಾಲ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಹಾಗಾಗಿ ಪಕ್ಕದ ಮನೆಯ ಗುನಿಲ್ಲಾ, ಎಪ್ಪತ್ತು ದಾಟಿದ ಹಿರಿಯರು, "ಬೇಸಿಗೆಗೆ ಗೆಳತಿಯರೆಲ್ಲ ಮಿನೆಸೋಟಕ್ಕೆ ಹೊರಟಿದ್ದೀವಿ. ಬಂದು ಸ್ವಲ್ಪ ಹೇಳ್ತೀರಾ?" ಎಂದು ಕಾಫಿ-ಬನ್ನಿನ ಫೀಕಾಕ್ಕೆ ಕರೆದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು! ಈ ಬಿಲ್ಡಿಂಗಿಗೆ ಬಂದು ಮೂರು ವರ್ಷವಾದರೂ ಯಾರೂ ನಮ್ಮನ್ನು ಒಳಗೆ ಕರೆದಿರಲಿಲ್ಲ. ಈ ಸಲ ಹೆಸರು ಉಳಿಸಿಕೊಳ್ಳಲೇಬೇಕಿತ್ತು.

"ರೀ, ನೀವು ಅಲ್ಲಿ ನೋಡಿದ್ದು ಆಫೀಸು, ರೂಮು, ಇಂಡಿಯನ್ ಸ್ಟೋರು ಅಷ್ಟೇ ತಾನೆ?" ಎಂದಳು ಹೆಂಡತಿ ವೀಣಾ.

"ಸುಮ್ನಿರು, ಫೋಟೋ ಇದೆ ನನ್ನ ಹತ್ರ!"

ವೀಣಾ, ಗುನಿಲ್ಲಾ, ಅವರ ಗೆಳತಿಯರು ಎಲ್ಲರೂ ಕೂತ ಮೇಲೆ, ಗುನಿಲ್ಲಾರ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ, ಗಂಟಲು ಸರಿಮಾಡಿಕೊಂಡು, ಇತಿಹಾಸದಿಂದಲೇ ಶುರುಮಾಡಿದೆ. ಕಲ್ಲು ತುಂಬಿದ ಹೊಲಗಳಲ್ಲಿ ಬದುಕು ಸಾಗದೆ ಸ್ವೀಡನ್ನಿನ ರೈತರು ಇದೇ ಗೋಥೆನ್‌ಬರ್ಗ್ ಬಂದರಿನಿಂದ ಹಡಗು ಹತ್ತಿ ಹೋದ ಕಥೆಯನ್ನು, ಬೆಳಿಗ್ಗೆ ಟ್ರಾಮಿನಲ್ಲಿ ಓದಿಕೊಂಡಷ್ಟನ್ನು, ಸ್ವೀಡನ್ನಿನವರಿಗೇ ಬೋಧಿಸಿದೆ!

"ಗೊತ್ತು, ನಮ್ಮಜ್ಜನ ಅಣ್ಣಾನೂ ಹೋಗಿದ್ರು. ಅಲ್ಲೊಂದು ಕೆರೆ ದಂಡೆಯಲ್ಲಿ ಮನೆ ಕಟ್ಟಿದ್ರಂತೆ. ಆ ಕೆರೆ ನೋಡೋಕೇ ನಾನು ಹೋಗ್ತಿರೋದು," ಎಂದರು ಗುನಿಲ್ಲಾ.

ಅಯ್ಯೋ ಪಾಪ ಅನ್ನಿಸಿತು. ಸತ್ಯ ಹೇಳುವುದು ನನ್ನ ಕರ್ತವ್ಯವಾಗಿತ್ತು.

"ಗುನಿಲ್ಲಾ, ಬೇಜಾರು ಮಾಡ್ಕೋಬೇಡಿ. ಹತ್ತು ಸಾವಿರ ಕೆರೆಗಳ ನಾಡು ಅಂತ ಮಿನೆಸೋಟದವರು ಹೇಳ್ಕೊಳ್ಳೋದು ನಿಜ. ಆದ್ರೆ ನಾನು ಚಳಿಗಾಲ ಪೂರ್ತಿ ಅಲ್ಲಿದ್ದೆ, ಒಂದೂ ಕಣ್ಣಿಗೆ ಬೀಳಲಿಲ್ಲ. ನಮ್ಮ ಬೆಂಗಳೂರಿನ ಥರ ಎಲ್ಲಾ ಮುಚ್ಚಿ ಸೈಟ್ ಮಾಡಿ ಮಾರಿರಬೇಕು!"

ಅವರ ಮುಖ ಸಪ್ಪಗಾಯಿತು. ಸಮಾಧಾನಕ್ಕೆಂದು ನನ್ನ ಹೆಮ್ಮೆಯ ಫೋಟೋ ತೆರೆದೆ. ಬೆಳ್ಳಗಿನ ವಿಶಾಲ ಬಯಲು, ನಡುವೆ ಬ್ಯಾಟ್ ಹಿಡಿದ ನಾನು, ಹಿಂದೆ ಪುಟ್ಟ ಮರದ ಗೂಡುಗಳು.

"ಇಷ್ಟು ಸಮತಟ್ಟಾದ ಮೈದಾನ ಎಲ್ಲೂ ನೋಡಿಲ್ಲ! ಭಾನುವಾರ ನಮ್ಮ ಕ್ರಿಕೆಟ್ ಇಲ್ಲೇ. ಹಿಂದೆ ಇರೋದು ಟಾಯ್ಲೆಟ್ಟು. ಒಳಗೆ ಹೋದೋರು ಸಂಜೆಯಾದ್ರೂ ಹೊರಗೆ ಬರ್ತಿರಲಿಲ್ಲ. ಪಾಪ, ಚಳಿಗೆ ಹೊಟ್ಟೆ ಕೆಡ್ತಿತ್ತೇನೋ."

ಗುನಿಲ್ಲಾ ಕನ್ನಡಕ ಏರಿಸಿ ಟಿವಿಯ ಹತ್ತಿರ ಹೋದರು.

"ಅವು ಟಾಯ್ಲೆಟ್ ಅಲ್ಲ, ಮೀನು ಹಿಡಿಯೋರ ಗೂಡು. ಐಸ್‌ನಲ್ಲಿ ತೂತು ಕೊರೆದು, ಗಾಳ ಇಳಿಸಿ, ಕಾಯ್ತಾ ಕೂತಿರ್ತಾರೆ."

"ಅಂದ್ರೆ?"

"ಅಂದ್ರೆ, ನೀವು ನಿಂತಿರೋದು ಕೆರೆ ಮೇಲೆ."

ಕೈಯಲ್ಲಿದ್ದ ಬನ್ನನ್ನು ತಟ್ಟೆಗಿಟ್ಟು ನಾನೂ ಟಿವಿಯ ಹತ್ತಿರ ಹೋಗಿ ನೋಡಿದೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ವೀಣಾ! ಗುನಿಲ್ಲಾ ಮಾತ್ರ, "ಸದ್ಯ, ಕೆರೆ ಇದೆಯಲ್ಲ!" ಎಂದು ಖುಷಿಯಿಂದ ನನ್ನ ತಟ್ಟೆಗೆ ಇನ್ನೊಂದು ಬನ್ನು ಹಾಕಿದರು.

ಜುಲೈಯಲ್ಲಿ ಅವರ ಫೋಟೋ ಬಂತು. ನೀಲಿ ನೀರು, ದೋಣಿ, ಕೈಬೀಸುತ್ತಿರುವ ಗುನಿಲ್ಲಾ. ಕೆಳಗೆ, "ನಿಮ್ಮ ಕ್ರಿಕೆಟ್ ಪಿಚ್‌ನಿಂದ ನಮಸ್ಕಾರ" ಎಂಬ ಒಕ್ಕಣೆ.

ಅಂದಿನಿಂದ ನಾನು ಬಿಳಿ ನೆಲವನ್ನು ನಂಬುವುದಿಲ್ಲ. ಈ ಸಲದ ಮೊದಲ ಹಿಮ ಬಿದ್ದ ಬೆಳಿಗ್ಗೆ ಬಿಲ್ಡಿಂಗಿನ ಹಿಂದೆ ನಿಂತು, ಕೆಳಗೆ ನೀರಿದೆಯೇ ಎಂದು ಹಿಮ್ಮಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದೆ. ಮೇಲಿನ ಕಿಟಕಿಯಿಂದ ವೀಣಾ ಕೂಗಿದಳು:

"ರೀ, ಅದು ನಮ್ಮ ಕಾರ್ ನಿಲ್ಲಿಸೋ ಜಾಗ!"