ತೊಂಬತ್ತು ದಿನದ ನೆಂಟರು

ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವ ಮೇಜಿನ ಹಿಂದೆ ಕೂತವರಿಗೆ ವಾರಕ್ಕೊಂದಾದರೂ ನಗು ಬರುವ ಪ್ರಸಂಗ ಸಿಕ್ಕೇ ಸಿಗುತ್ತದೆ. ಸಿಗದೇ ಇರುವುದು ಅದನ್ನು ಕೇಳುವ ಒಂದು ಕಿವಿ. ನಮ್ಮನೆಯವರು ಸಾಫ್ಟ್‌ವೇರ್ ಕನ್ಸಲ್ಟೆಂಟ್. ಸೋಮವಾರ ಬೆಳಿಗ್ಗೆ ವಿಮಾನ ಹತ್ತಿ ಯಾವುದೋ ರಾಜ್ಯಕ್ಕೆ ಹೋದರೆ ಗುರುವಾರ ಸಂಜೆ ವಾಪಸು. ನಾನು ಸೋಮವಾರದ ನಗುವನ್ನು ಗುರುವಾರದ ತನಕ ಕೆಡದ ಹಾಗೆ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದೆ. ಅವರು ಬಂದು, ಸೂಟ್‌ಕೇಸ್ ಇಳಿಸಿ, ಸೋಫಾದ ಮೇಲೆ ಕಾಲು ಚಾಚಿ "ಹೇಳು, ಏನು ವಿಶೇಷ?" ಅನ್ನುವರು. ನಾನು "ಈ ವಾರ ಒಬ್ಬಳು ಅಜ್ಜಿ ಬಂದಿದ್ದಳು ಕಣ್ರೀ..." ಅನ್ನುವಷ್ಟರಲ್ಲಿ ಗೊರಕೆ. ಅದಕ್ಕೇ ಈಗ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಸಹಕಾರಿ ಬ್ಯಾಂಕಿನ ಕೌಂಟರಿನಲ್ಲಿದ್ದೆ. ಇಲ್ಲಿ ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಮತ್ತೆ ಬ್ಯಾಂಕನ್ನೇ ಹಿಡಿದೆ. ಮೊದಲು ಹ್ಯೂಸ್ಟನ್, ಆಮೇಲೆ ಆಸ್ಟಿನ್, ಕೊನೆಗೆ ಡಾಲಸ್ ಪಕ್ಕದ ಫ್ಲವರ್ ಮೌಂಡ್. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಬ್ಯಾಂಕುಗಳಿಗೆಲ್ಲ ಹೊಸ ಗಿರಾಕಿಗಳ ಹುಚ್ಚು. ಖಾತೆ ತೆರೆದು, ಸಂಬಳವೋ ಸ್ಟೈಪೆಂಡೋ ಪಿಂಚಣಿಯೋ ಅದಕ್ಕೇ ಬರುವಂತೆ ಮಾಡಿ, ತೊಂಬತ್ತು ದಿನ ಇದ್ದರೆ ನೂರು ಡಾಲರ್ ಬೋನಸ್. ಮೇಲೊಂದು ಛತ್ರಿ. ಜನ ಏನು ಕಮ್ಮಿಯೇ? ತೊಂಬತ್ತೊಂದನೆಯ ದಿನ ಖಾತೆ ಮುಚ್ಚಿ ರಸ್ತೆಯಾಚೆಯ ಬ್ಯಾಂಕಿಗೆ ಹೋಗುವರು, ಅಲ್ಲೂ ಬೋನಸ್. ಮೈಸೂರಿನಲ್ಲಿ ತಾತ ತೆರೆದ ಖಾತೆಯಲ್ಲಿ ಮೊಮ್ಮಗ ದುಡ್ಡು ತೆಗೆಯುತ್ತಿದ್ದ. ಇಲ್ಲಿ ಗಿರಾಕಿಯ ಮಗುವಿನ ಹೆಸರು ನನ್ನ ನಾಲಿಗೆಗೆ ಹತ್ತುವ ಹೊತ್ತಿಗೆ ಅವರು "ಖಾತೆ ಮುಚ್ಚುವ ಫಾರಂ ಕೊಡಿ" ಅಂತ ಬಂದು ನಿಂತಿರುತ್ತಿದ್ದರು.

ತಾತನ ಸೈಟು

ಹ್ಯೂಸ್ಟನ್‌ನಲ್ಲಿ ಒಂದು ಶನಿವಾರ ಒಂದೇ ಕಾರಿನಿಂದ ಆರು ಹುಡುಗರು ಇಳಿದರು. ಎಂ.ಎಸ್. ಓದಲು ಬಂದವರು. ಆರೂ ಜನರ ಕೈಯಲ್ಲಿ ದಪ್ಪ ದಪ್ಪ ಪ್ಲಾಸ್ಟಿಕ್ ಫೈಲು, ಆರೂ ಜನ ಶರ್ಟು ಇನ್ ಮಾಡಿಕೊಂಡಿದ್ದರು.

"ಮೊದ್ಲು ನೀನ್ ಹೋಗೋ."

"ನಾನ್ಯಾಕೋ? ನಿಂದು ಇಂಗ್ಲಿಷ್ ಚೆನ್ನಾಗಿದೆ, ನೀನೇ ಹೋಗು."

ಕನ್ನಡ ಕಿವಿಗೆ ಬಿದ್ದು ಎಷ್ಟೋ ದಿನವಾಗಿತ್ತು. ಇನ್ನಷ್ಟು ಕೇಳೋಣ ಅಂತ ನಾನು ಸುಮ್ಮನಿದ್ದೆ. ಕೊನೆಗೆ ಭದ್ರಾವತಿಯ ಹುಡುಗನೊಬ್ಬನನ್ನು ತಳ್ಳಿದರು. ಅವನು ಕುರ್ಚಿಯ ಅಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಶುರು ಮಾಡಿ ಒಂದೊಂದೇ ಕಾಗದ ನನ್ನ ಮುಂದೆ ಜೋಡಿಸಿದ. ಚೆನ್ನೈನ ಕಾನ್ಸುಲೇಟಿನಲ್ಲಿ ವೀಸಾಕ್ಕೆ ನಿಂತಾಗ ತಯಾರು ಮಾಡಿದ್ದ ಫೈಲನ್ನೇ ಪೂರ್ತಿ ಎತ್ತಿಕೊಂಡು ಬಂದಿದ್ದ. ನಮಗೆ ಎಲ್ಲರನ್ನೂ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ಇಂಗ್ಲಿಷಿನಲ್ಲಿ ಕೇಳಿದೆ: "ನಮ್ಮ ಬ್ಯಾಂಕನ್ನೇ ಯಾಕೆ ಆರಿಸಿಕೊಂಡಿರಿ?"

ಹುಡುಗ ನೆಟ್ಟಗೆ ಕೂತು, ಬಾಯಿಪಾಠ ಒಪ್ಪಿಸಿದ: "ಮ್ಯಾಡಮ್, ಓದು ಮುಗಿದ ಕೂಡಲೇ ನಾನು ಖಂಡಿತ ಇಂಡಿಯಾಕ್ಕೆ ವಾಪಸು ಹೋಗುತ್ತೇನೆ. ಅಲ್ಲಿ ನಮ್ಮ ತಾತನ ಹೆಸರಿನಲ್ಲಿ ಒಂದು ಸೈಟಿದೆ."

"ಸೈಟು ಎಲ್ಲಿ ಬರುತ್ತಪ್ಪಾ?" ಅಂದೆ ಕನ್ನಡದಲ್ಲಿ.

ಫೈಲು ಕೆಳಗೆ ಬಿತ್ತು. "ಆಂಟಿ! ನೀವು ಕನ್ನಡಾನಾ!" ನನಗೆ ಆಗ ಇಪ್ಪತ್ತೊಂಬತ್ತು. ಅವರಿಗೆ ಇಪ್ಪತ್ಮೂರು. ಆದರೂ ಆರು ಜನ ಆಂಟಿ ಅಂದಿದ್ದು ಸುಳ್ಳಾಗುತ್ತದೆಯೇ? ಒಪ್ಪಿಕೊಂಡೆ.

ಅಲ್ಲಿಂದ ಪ್ರತಿ ಶನಿವಾರ ಕೆಲಸವಿರಲಿ ಬಿಡಲಿ ಆರೂ ಜನ ಬರುತ್ತಿದ್ದರು. ಬ್ಯಾಂಕಿನ ಪುಕ್ಕಟೆ ಕಾಫಿ ಕುಡಿದು, ಪ್ರೊಫೆಸರರನ್ನು ಬೈದು ಹೋಗುವರು. ರಂಜಾನಿಗೆ ಭದ್ರಾವತಿಯವನು ತಾನೇ ಮಾಡಿದ ಶಾವಿಗೆ ಪಾಯಸ ಡಬ್ಬಿಯಲ್ಲಿ ತಂದುಕೊಟ್ಟ. ಗಂಟುಗಂಟಾಗಿತ್ತು. ಇಡೀ ವಾರ ಇಟ್ಟುಕೊಂಡು ತಿಂದೆ.

ತೊಂಬತ್ತೊಂದನೆಯ ದಿನ ಆರೂ ಜನ ತಲೆ ತಗ್ಗಿಸಿಕೊಂಡು ಬಂದರು. ಆರು ಖಾತೆಗಳನ್ನೂ ಮುಚ್ಚಿಕೊಟ್ಟೆ. ಐವರು ಕಾರಿಗೆ ಹೋದರು. ಭದ್ರಾವತಿಯವನು ಮಾತ್ರ ಅಲ್ಲೇ ನಿಂತಿದ್ದ.

"ಬೇಜಾರಾಯ್ತಾ ಆಂಟಿ?"

"ಛೇ, ಇಲ್ಲಪ್ಪ."

"ಹಾಗಿದ್ರೆ ಒಂದು ಸಹಾಯ ಮಾಡ್ತೀರಾ? ಎದುರು ಬ್ಯಾಂಕಲ್ಲಿ ಕನ್ನಡದವರು ಯಾರೂ ಇಲ್ಲ. ಅವರ ಫಾರಂ ಇಲ್ಲೇ ತಂದಿದ್ದೀನಿ, ನೀವೇ ತುಂಬಿಕೊಟ್ಟುಬಿಡಿ."

ಆರು ಫಾರಂ. ತುಂಬಿಕೊಟ್ಟೆ.

ಮಡಚುವ ಕುರ್ಚಿ

ಆಮೇಲೆ ನನ್ನನ್ನು ಹ್ಯೂಸ್ಟನ್ ಪಶ್ಚಿಮದ ಎನರ್ಜಿ ಕಾರಿಡಾರ್ ಶಾಖೆಗೆ ಹಾಕಿದರು. ಸುತ್ತ ತೈಲ ಕಂಪನಿಗಳ ಗಾಜಿನ ಕಟ್ಟಡಗಳು, ಒಂದು ಚೌಕದ ನಾಲ್ಕು ಮೂಲೆಗೆ ನಾಲ್ಕು ಬ್ಯಾಂಕು. ಅಲ್ಲಿಗೆ ಒಬ್ಬ ಅಮೆರಿಕನ್ ಅಜ್ಜಿ ಬರುತ್ತಿದ್ದಳು. ಗಂಡ ತೈಲ ಬಾವಿಗಳಲ್ಲಿ ದುಡಿದು ತೀರಿಕೊಂಡಿದ್ದ. ಅವನ ಪಿಂಚಣಿಯನ್ನು ಆಕೆ ವರ್ಷಪೂರ್ತಿ ಮೂರು ಮೂರು ತಿಂಗಳಿಗೊಮ್ಮೆ ನಾಲ್ಕು ಬ್ಯಾಂಕುಗಳಲ್ಲಿ ಪ್ರದಕ್ಷಿಣೆ ಹಾಕಿಸುತ್ತಿದ್ದಳು. ವರ್ಷ ಕಳೆದರೆ ಮತ್ತೆ ಮೊದಲನೆಯದರಲ್ಲಿ ಹೊಸ ಗಿರಾಕಿ. ಯಾವ ಬ್ಯಾಂಕಿನ ಹುಡುಗಿಗೆ ಮದುವೆ ಗೊತ್ತಾಯಿತು, ಯಾವ ಮ್ಯಾನೇಜರು ಡಯಟ್ ಮಾಡುತ್ತಿದ್ದಾನೆ, ಎಲ್ಲ ಅವಳಿಗೆ ಗೊತ್ತು.

ನಮ್ಮ ಕುರ್ಚಿಗಳು ಸೊಂಟಕ್ಕೆ ಆಗುವುದಿಲ್ಲ ಅಂತ ಒಂದು ದಿನ ಎದುರು ಬ್ಯಾಂಕಿನವರು ಉಡುಗೊರೆ ಕೊಟ್ಟಿದ್ದ ಮಡಚುವ ಕುರ್ಚಿಯನ್ನು ಹೊತ್ತು ತಂದು, ನನ್ನ ಮೇಜಿನ ಮುಂದೆ ಬಿಡಿಸಿ ಕೂತಳು. ಬೆನ್ನಿನ ಮೇಲೆ ಅವರ ಹೆಸರು ಇಷ್ಟು ದೊಡ್ಡದಾಗಿ. ನಮ್ಮ ಮ್ಯಾನೇಜರು ಓಡಿ ಬಂದರು. "ಅಮ್ಮಾ, ಆ ಕುರ್ಚಿ ಇಲ್ಲಿ ಬೇಡ."

"ನೀವು ಕೊಟ್ಟ ಛತ್ರಿ ಮೇಲೆ ಕೂರೋದಕ್ಕಾಗುತ್ತಾ?" ಅಂದಳು.

ಖಾತೆ ಮುಚ್ಚುವ ದಿನ ಆಕೆ ನನ್ನ ಕೈ ಹಿಡಿದುಕೊಂಡು, "ತಪ್ಪು ನಿನ್ನದೇನಿಲ್ಲ, ಮಗೂ. ನೀನು ಒಳ್ಳೆಯವಳು. ಇನ್ನೂ ಒಳ್ಳೆಯವರು ಸಿಗ್ತಾರೆ ನಿನಗೆ" ಅಂತ ಸಮಾಧಾನ ಮಾಡುವಳು. ಎರಡು ವರ್ಷ ಹೀಗೇ ಬಂದಳು, ಹೋದಳು. ಮೂರನೆಯ ವರ್ಷ ಬಂದಾಗ ನಾನೇ ಹೇಳಬೇಕಾಯಿತು. ಯಜಮಾನರ ಕಂಪನಿ ಬದಲಾಗಿದೆ, ಮುಂದಿನ ವಾರ ಆಸ್ಟಿನ್‌ಗೆ ಶಿಫ್ಟ್ ಆಗುತ್ತಿದ್ದೇವೆ ಅಂದೆ.

ಅವಳು ಬಿಡಿಸಿದ್ದ ಕುರ್ಚಿಯನ್ನು ಹಾಗೇ ಮಡಚಿದಳು. ಅದನ್ನು ಕಂಕುಳಲ್ಲಿ ಇರುಕಿಕೊಂಡಳು. ಆಮೇಲೆ, "ಇದು ಅನ್ಯಾಯ. ನಾನಾದರೆ ತೊಂಬತ್ತು ದಿನ ಮುಂಚೆಯೇ ಹೇಳ್ತಿದ್ದೆ" ಅಂದಳು.

ಅವ್ವನ ಗುಟ್ಟು

ಆಸ್ಟಿನ್‌ನಲ್ಲಿ ಧಾರವಾಡದ ಕಡೆಯ ಒಬ್ಬ ಎಂಜಿನಿಯರ್ ಬಂದ. ಬೋನಸ್ಸಿಗೇ ಬಂದಿದ್ದೇನೆ ಅಂತ ಮೊದಲೇ ಒಪ್ಪಿಕೊಂಡುಬಿಟ್ಟ, ಅಷ್ಟು ಸಾಧು. ಎಲ್ಲ ಸರಿಯಾಗಿ ನಡೆದು ಒಂದು ಪ್ರಶ್ನೆಗೆ ನಿಂತುಹೋಯಿತು.

"ತಾಯಿಗೆ ಮದುವೆಗೆ ಮುಂಚೆ ಇದ್ದ ಮನೆತನದ ಹೆಸರು?"

"ಅದ್ಯಾಕ್ರಿ ಮೇಡಂ?"

"ನೀವು ಫೋನ್ ಮಾಡಿದಾಗ ನೀವೇ ಹೌದೋ ಅಲ್ಲವೋ ಅಂತ ತಿಳಿಯೋಕೆ ಇದನ್ನೇ ಕೇಳ್ತಾರೆ."

"ಅವ್ವಗ ನಾವು ಅವ್ವ ಅಂತೀವ್ರಿ. ಆಕಿ ತವರಮನಿಯವರ ಅಡ್ಡಹೆಸರು ಯಾರು ಕೇಳ್ಯಾರ? ತಡೀರಿ, ಆಕಿನ್ನೇ ಕೇಳೂಣು."

ಕಿಸೆಯಿಂದ ಮೊದಲೇ ದುಡ್ಡು ಕೊಟ್ಟು ಕೊಂಡಿದ್ದ ಕಾಲಿಂಗ್ ಕಾರ್ಡು ತೆಗೆದು ನನ್ನ ಮೇಜಿನ ಫೋನಿನಿಂದ ಊರಿಗೆ ಹಚ್ಚಿದ. ಆ ಕಡೆ ಅವ್ವನಿಗೆ ಗಾಬರಿ. ತನ್ನ ತವರಿನ ಹೆಸರು ಅಮೆರಿಕದ ಬ್ಯಾಂಕಿಗೆ ಯಾಕೆ ಬೇಕು? ಮಗ ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೊನೆಗೆ ಫೋನ್ ನನ್ನ ಕೈಗೆ ಕೊಟ್ಟ.

"ಅಮ್ಮಾ, ಇದು ಗುಟ್ಟಿನ ಪ್ರಶ್ನೆ. ಯಾರಿಗೂ ಗೊತ್ತಾಗಬಾರದು, ಅದಕ್ಕೇ ಕೇಳ್ತೀವಿ" ಅಂದೆ.

"ಗುಟ್ಟಂದ್ರ ನಿನಗಷ್ಟ ಹೇಳ್ತೀನವಾ. ಅವನ ಮುಂದ ಹೇಳಬ್ಯಾಡ. ಅವನ ಬಾಯಾಗ ಸಣ್ಣವ ಇದ್ದಾಗಿಂದ ಒಂದು ಮಾತು ನಿಂತಿಲ್ಲ."

ಹೇಳಿದರು. ಅವರು ಹೇಳಿದ್ದನ್ನು ಹಾಗೇ ಕಂಪ್ಯೂಟರಿಗೆ ಹಾಕಿದೆ. ಫೋನ್ ಇಡಬೇಕು ಅನ್ನುವಷ್ಟರಲ್ಲಿ, "ನಿನಗ ಊಟ ಆತೇನವಾ?" ಅಂದರು.

ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಭಾನುವಾರದಿಂದ ನನ್ನನ್ನು ಯಾರೂ ಆ ಮಾತು ಕೇಳಿರಲಿಲ್ಲ. "ಇನ್ನೂ ಇಲ್ಲಮ್ಮ" ಅಂದೆ. ಏನು ಅಡಿಗೆ, ಯಾರಿಗೆ ಮಾಡ್ತಿ, ಒಬ್ಬಾಕಿನ ಹೆಂಗ ಉಣ್ತಿ ಅಂತ ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಒಬ್ಬಳಿಗೇ ಅಂತ ಒಲೆ ಹಚ್ಚಲು ಮನಸ್ಸಾಗದೆ ಮೊಸರಿಗೆ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತೇನೆ ಅನ್ನುವುದನ್ನೂ ಹೇಳಿಬಿಟ್ಟೆ. ಆ ಕಡೆಯಿಂದ "ಅಯ್ಯ ನನ ಮಗಳ!" ಅನ್ನುತ್ತಿದ್ದ ಹಾಗೆ ಕಾರ್ಡಿನ ದುಡ್ಡು ಮುಗಿದು ಲೈನು ಕಟ್ಟಾಯಿತು.

ಮಗ ನನ್ನ ಮುಖ ನೋಡಿದ. "ನಾ ಅವ್ವನ ಜೋಡಿ ಮಾತಾಡಲೇ ಇಲ್ಲಲ್ರಿ!"

ಹದಿನೈದು ದಿನ ಬಿಟ್ಟು ಬ್ಯಾಂಕಿನ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದ. ಎ.ಟಿ.ಎಂ. ಕಾರ್ಡ್ ಕಳೆದಿತ್ತು, ಬ್ಯಾಂಕಿಗೆ ಫೋನ್ ಮಾಡಿದರೆ ಆ ಪ್ರಶ್ನೆ ಕೇಳಿದ್ದರು, ಇವನಿಗೆ ಉತ್ತರ ಗೊತ್ತಿಲ್ಲ, ಅವ್ವ ಹೇಳಲು ಸುತರಾಂ ಒಪ್ಪಲಿಲ್ಲ.

"ಮೇಡಂ, ನಮ್ಮವ್ವನ ಹೆಸರು ಏನ್ರಿ?"

ಹುಟ್ಟುಹಬ್ಬದ ಕಾರ್ಡು

ಇದು ಚಿಕ್ಕದು. ಗಿರಾಕಿಗಳು ಬಿಟ್ಟುಹೋಗದಿರಲಿ ಅಂತ ಅವರ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸುವ ಪದ್ಧತಿ ಆಸ್ಟಿನ್ ಶಾಖೆಯಲ್ಲಿತ್ತು. ತಿಂಗಳ ಮೊದಲ ದಿನ ಒಂದು ಕಟ್ಟು ಕಾರ್ಡು ನನ್ನ ಮುಂದೆ ಇಡುವರು. "ನಿಮ್ಮಂಥವರು ನಮ್ಮ ಜೊತೆಗಿರುವುದು ನಮ್ಮ ಭಾಗ್ಯ" ಅಂತ ಅಚ್ಚಾಗಿರುತ್ತಿತ್ತು, ಕೆಳಗೆ ನಾನು ಸಹಿ ಹಾಕಬೇಕು, ವಿಳಾಸ ಬರೆಯುವವರು ಬೇರೆ.

ನನ್ನ ಸಂಬಳದ ಖಾತೆಯೂ ಅಲ್ಲೇ ಇತ್ತು ಅನ್ನುವುದು ನನಗೆ ಹೊಳೆದಿರಲಿಲ್ಲ. ಆ ವರ್ಷ ನನ್ನ ಹುಟ್ಟುಹಬ್ಬ ಮಂಗಳವಾರ ಬಂತು. ಸಂಜೆ ಮನೆಗೆ ಹೋದಾಗ ಪೋಸ್ಟ್ ಬಾಕ್ಸಿನಲ್ಲಿ ಒಂದೇ ಒಂದು ಕಾರ್ಡು. ತೆಗೆದು ನೋಡಿದೆ. ಕೆಳಗೆ ನನ್ನದೇ ಸಹಿ. ಅದೂ ಅವಸರದಲ್ಲಿ ಗೀಚಿದ್ದು.

ಇನ್ನು ಮೇಲೆ ಸಹಿಯನ್ನು ಸ್ವಲ್ಪ ಪ್ರೀತಿಯಿಂದ ಹಾಕಬೇಕು ಅಂದುಕೊಂಡೆ.

ಪಕ್ಕದ ಮೇಜು

ಫ್ಲವರ್ ಮೌಂಡ್‌ಗೆ ಬಂದ ಮೇಲೆ ಬ್ಯಾಂಕು ಇನ್ನೊಂದರ ಜೊತೆ ಸೇರಿ ಹೆಸರು ಬದಲಾಯಿಸಿಕೊಂಡಿತು, ಮರುವರ್ಷ ಮತ್ತೆ ಬದಲಾಯಿಸಿಕೊಂಡಿತು. ಪ್ರತಿ ಸಲವೂ ಹೊಸ ಬೋನಸ್. ಆ ಬಾರಿ ಸಿಬ್ಬಂದಿಯ ಮನೆಯವರಿಗೂ ಕೊಡುತ್ತೇವೆ ಅಂದರು. ಆದರೆ ನಮ್ಮ ಮನೆಯವರ ಖಾತೆಯನ್ನು ನಾವೇ ತೆರೆಯುವ ಹಾಗಿಲ್ಲ. ಒಂದು ಶುಕ್ರವಾರ ಇವರನ್ನು ಕರೆಸಿ ಪಕ್ಕದ ಮೇಜಿನವಳ ಮುಂದೆ ಕೂರಿಸಿದೆ. ನಡುವೆ ಎದೆಯೆತ್ತರದ ಅಡ್ಡಗೋಡೆ. ಆಕೆ ಟೆಕ್ಸಸ್‌ನವಳು, ಮಾತುಗಾತಿ.

"ಬಿಡುವಿನಲ್ಲಿ ಏನು ಮಾಡ್ತೀರಿ?" ಅಂತ ಕೇಳಿದಳು.

"ಈಜ್ತೀನಿ" ಅಂದರು ಇವರು.

ನನ್ನ ಪೆನ್ನು ನಿಂತಿತು. ಗ್ಯಾಲ್ವೆಸ್ಟನ್ ಸಮುದ್ರದಲ್ಲಿ ಪ್ಯಾಂಟು ಮಡಚಿ ಹಿಮ್ಮಡಿಯಷ್ಟು ನೀರಿನಲ್ಲಿ ನಿಂತು ವಾಪಸು ಬಂದ ಮನುಷ್ಯ ಇವರು.

"ಕೆಲಸಕ್ಕೆ ಹೋದಾಗ ಇಳಿಯೋ ಹೋಟೆಲಿನಲ್ಲಿ ಈಜುಕೊಳ ಇದೆ. ಸಂಜೆ ಮಾತಾಡೋಕೆ ಯಾರೂ ಇರಲ್ಲ. ಅಲ್ಲೊಬ್ಬ ಮುದುಕ ಹೇಳಿಕೊಟ್ಟ. ಎರಡು ವರ್ಷ ಆಯ್ತು."

ಎರಡು ವರ್ಷ! ಮದುವೆಯಾದ ಗಂಡನ ಸುದ್ದಿ ನನಗೆ ಗೋಡೆಯಾಚೆಯಿಂದ ತಿಳಿಯುತ್ತಿದೆ. ಕುರ್ಚಿಯನ್ನು ಗೋಡೆಯ ಹತ್ತಿರಕ್ಕೆ ಸರಿಸಿ ಕೇಳಿಸಿಕೊಂಡೆ.

"ಹೆಂಡತಿ ಕೆಲಸ ಮಾಡ್ತಾರಾ?"

"ಬ್ಯಾಂಕಲ್ಲಿ."

"ಯಾವ ಬ್ಯಾಂಕು?"

ನಾನು ಎದ್ದು ಇಣುಕಿ ನೋಡಿದೆ. ಇವರು ತಲೆಯೆತ್ತಿ ಗೋಡೆಯ ಮೇಲಿನ ಹೊಸ ಬೋರ್ಡು ಓದುತ್ತಿದ್ದರು. "ಇದೇ ಅನ್ಸುತ್ತೆ. ಆಚೆ ಕೂತಿದ್ದಾಳಲ್ಲ, ಅವಳೇ."

ಮೂರು ವಾರ ಕಳೆದವು. ಹೊಸ ಗಿರಾಕಿಗಳಿಗೆಲ್ಲ ಫೋನ್ ಮಾಡಿ ವಿಚಾರಿಸಬೇಕು ಅಂತ ಮೇಲಿನಿಂದ ಆಜ್ಞೆ ಬಂತು. ಹೆಸರುಗಳನ್ನು ಹಂಚಿದರು. ನನ್ನ ಪಟ್ಟಿಯಲ್ಲಿ ಏಳನೆಯವರು ಇವರೇ. ಹೊಸದಾಗಿ ಬಂದಿದ್ದ ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬರೆದುಕೊಟ್ಟಿದ್ದು ಬಿಟ್ಟು ಒಂದಕ್ಷರ ಆಡುವಂತಿಲ್ಲ. ಬುಧವಾರ ಮಧ್ಯಾಹ್ನ, ಅವರು ಕೆಲಸದಲ್ಲಿರುವ ಹೊತ್ತು. ನನ್ನ ಆಫೀಸಿನ ಇಂಗ್ಲಿಷ್ ದನಿಯಲ್ಲಿ, "ನಮಸ್ಕಾರ ಸರ್, ನಿಮ್ಮ ಹೊಸ ಬ್ಯಾಂಕಿನಿಂದ ಮಾತಾಡ್ತಿದ್ದೀನಿ. ನಿಮ್ಮ ಎರಡು ನಿಮಿಷ ಸಿಗಬಹುದೇ?" ಅಂದೆ. ಆ ದನಿಯನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಸಿಗಲ್ಲ. ನಾನು ಮೀಟಿಂಗಲ್ಲಿದ್ದೀನಿ. ಬ್ಯಾಂಕಿನ ವಿಷಯ ಏನಿದ್ದರೂ ನನ್ನ ಹೆಂಡತಿಯನ್ನು ಕೇಳಿ." ಫೋನ್ ಇಟ್ಟರು.

"ಏನಂದರು?" ಅಂದರು ಮ್ಯಾನೇಜರು.

"ಹೆಂಡತಿಯನ್ನು ಕೇಳಬೇಕಂತೆ."

"ಸರಿ, ಹಾಗಾದರೆ ಅವರನ್ನೇ ಕೇಳಿ ಬರೆದುಕೊಳ್ಳಿ" ಅಂತ ಮುಂದೆ ಹೋದರು. ಫಾರಂ ಮುಂದೆ ಇಟ್ಟುಕೊಂಡು ಕೂತೆ. ಗ್ರಾಹಕರು ತೃಪ್ತರಾಗಿದ್ದಾರೆಯೇ? ಬಹಳ ಹೊತ್ತು ಯೋಚಿಸಿ "ಪರವಾಗಿಲ್ಲ" ಅನ್ನುವ ಚೌಕಕ್ಕೆ ಗುರುತು ಹಾಕಿದೆ.

ಗುರುವಾರ ಇವರು ಬಂದರು. ತಟ್ಟೆಯ ಮುಂದೆ ಕೂತು ಸಾರು ಕಲಸುತ್ತಾ, "ನಿನ್ನೆ ನಿಮ್ಮ ಹೆಡ್ ಆಫೀಸಿನವಳು ಯಾರೋ ಫೋನ್ ಮಾಡಿದ್ದಳು. ಪಾಪ, ನಯವಾಗಿ ಮಾತಾಡಿದಳು, ನಾನೇ ಒರಟಾಗಿ ಇಟ್ಟುಬಿಟ್ಟೆ. ನಿನಗೇನಾದ್ರೂ ಮಾಡಿದಳಾ?" ಅಂದರು.

"ಮಾಡಿದಳು. ಅರ್ಧ ಗಂಟೆ ಮಾತಾಡಿದ್ವಿ."

"ಅರ್ಧ ಗಂಟೆ! ಅಷ್ಟು ಹೊತ್ತು ಏನು ಮಾತು?"

"ಅವಳ ಗಂಡನ ವಿಷಯ. ಅವನು ಈಜು ಕಲಿತು ಎರಡು ವರ್ಷ ಆಗಿದೆ, ಅವಳಿಗೆ ಗೊತ್ತೇ ಇರಲಿಲ್ಲವಂತೆ."

ಇವರು ಅನ್ನ ಕಲಸುವುದನ್ನು ನಿಲ್ಲಿಸಿ, ನನ್ನ ಕಡೆ ನೋಡಿ, ಮನಸಾರೆ ಮರುಗಿದರು: "ಛೆ! ಎಂಥೆಂಥಾ ಗಂಡಂದಿರಿರ್ತಾರೆ ನೋಡು!"