ಕೆಮ್ಮು ಬರಲಾರದ ಹೊಗಿ

ರಾಣೆಬೆನ್ನೂರಾಗ ನಂದು ಗೀಜರ್ ರಿಪೇರಿ ಅಂಗಡಿ. ಬಿಸಿನೀರು ನಿಂತ್ರ ಮಂದಿ ನನ್ನ ಲಗೂ ನೆನಸ್ತಾರ, ನೀರು ಕಾದ ಕೂಡ್ಲೆ ನಾ ಹೇಳಿದ್ದನ್ನ ಅಷ್ಟ ಲಗೂ ಮರೀತಾರ. ಇದು ಇವತ್ತಿನದಲ್ಲ, ನಾಳೆ ಮುಗಿಯೂದೂ ಅಲ್ಲ. ಬ್ಯಾರೆಯವರ ಮನಿಯಾಗಾದ್ರ ಸಿಟ್ಟು ಬರತೈತಿ, ಹೋಗತೈತಿ. ಆದ್ರ ಬ್ಯಾಡಗಿಯಾಗ ನನ್ನ ತಂಗೀನ ಕೊಟ್ಟ ಮನಿ ಐತಿ. ಅಲ್ಲಿ ಬಚ್ಚಲದಾಗ ಒಂದು ಗ್ಯಾಸ್ ಗೀಜರ್ ಐತಿ. ಅದರ ಸಂಬಂಧ ನಾ ಎಷ್ಟು ದಿನ ಜೀವ ಕೈಯಾಗ ಹಿಡಕೊಂಡು ತಿರುಗೇನಿ ಅಂಬೂದು ನನಗ ಗೊತ್ತು. ಅದನ್ನ ಕಡೀಕ ಹೇಳತೇನಿ.

ಬೀಗರ ಚಪ್ಪಲ್

ಹಾವೇರಿಯ ಒಂದು ಮನಿಯಾಗ ಗೀಜರಿನ ನಳ ಮುಟ್ಟಿದ್ರ ಕೈ ಜುಮ್ ಅಂತಿತ್ತು. ಬಿಚ್ಚಿ ನೋಡಿದ್ರ ಅರ್ಥಿಂಗ್ ವೈರೇ ಇಲ್ಲ. ಪ್ಲಗ್ಗಿನ ಮೂರನೇ ಕಾಲು ಸ್ವಿಚ್ ಬೋರ್ಡಿಗೆ ಹಿಡಸಲಿಲ್ಲಂತ ಯಾರೋ ಪುಣ್ಯಾತ್ಮ ಅದನ್ನ ಕೊಯ್ದು ಒಗದಿದ್ದ.

"ಯಜಮಾನ್ರ, ಇದು ಜೀವ ತಗೊಂತೈತ್ರಿ," ಅಂದೆ.

"ಇಲ್ಲ ಬಿಡೋ, ಸಣ್ಣ ಶಾಕ್. ನಮಗ ರೂಢಿ ಆಗೈತಿ. ರಬ್ಬರ್ ಚಪ್ಪಲ್ ಹಾಕ್ಕೊಂಡ ಜಳಕ ಮಾಡತೇವಿ."

"ಮನಿಗೆ ಬಂದ ಮಂದಿ ಏನ್ ಮಾಡಬೇಕ್ರಿ?"

ಯಜಮಾನ್ರಿಗೆ ನನ್ನ ಮಾತಿನಿಂದ ಖರೇನ ಬ್ಯಾಸರಾತು. ಬಚ್ಚಲದ ಬಾಗಿಲ ಹಿಂದ ಕೈ ಹಾಕಿ ಹೊಸಾ ಜೋಡು ತಗದು ತೋರಿಸಿದ್ರು. "ನಮಗಷ್ಟೂ ತಿಳ್ಯೂದಿಲ್ಲೇನು? ಇವನ್ನ ಬೀಗರಿಗಂತನ ಇಟ್ಟೇವಿ."

ಲಕ್ಷ್ಮಿ ಹೋಗೂ ಹಾದಿ

ಗೀಜರಿಗೆ ಒಂದು ಸೇಫ್ಟಿ ವಾಲ್ವ್ ಇರತೈತಿ. ನೀರು ಕಾದು ಒಳಗ ಒತ್ತಡ ಹೆಚ್ಚಾದ್ರ ಅದರಿಂದ ನಾಕು ಹನಿ ಹೊರಗ ಬೀಳತಾವು. ಅದು ಬೀಳಬೇಕು. ನಮ್ಮೂರಾಗಿನ ಬೀಜದ ಅಂಗಡಿ ಸಾಹುಕಾರ್ರು ಅದರ ಬಾಯಿಗೆ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗದು ಕುಂತಿದ್ರು.

"ಸಾಹುಕಾರ್ರ, ಕುಕ್ಕರಿನ ಸೀಟಿ ಕಟ್ಟಿ ಒಲಿ ಮ್ಯಾಲೆ ಇಟ್ಟಂಗ ಆತಲ್ರಿ ಇದು."

"ಮನ್ಯಾಗ ನೀರು ಹನೀತಿದ್ರ ಲಕ್ಷ್ಮಿ ನಿಲ್ಲೂದಿಲ್ಲ. ಅದಕ್ಕ ಕಟ್ಟೇನಿ."

ನನ್ನ ಪಿತ್ತ ನೆತ್ತಿಗೇರಿತು. "ಟಾಕಿ ಒಡದ್ರ ನಿಮ್ಮ ಲಕ್ಷ್ಮಿ ಮಾಳಗಿ ಹರಕೊಂಡು ಹೋಗತಾಳ್ರಿ."

ಸಾಹುಕಾರ್ರು ವ್ಯಾಪಾರದ ಮನಶ್ಯಾ. ತುಸು ವಿಚಾರ ಮಾಡಿದ್ರು. "ಹೋದ್ರ ಒಮ್ಮೆ ಹೋಗ್ಲಿ. ದಿನಾ ಹೋಗೂದು ಬ್ಯಾಡ."

ಗ್ವಾಣಿಚೀಲ

ಈಗ ನನ್ನ ತಂಗಿ ಮನಿ. ಬ್ಯಾಡಗಿ ಮಾರ್ಕೆಟ್ಟಿನ ಹಾದಿಗೇ ಐತಿ. ಮೆಣಸಿನಕಾಯಿ ಗಾಡಿ ಹೋದ್ರ ಘಾಟು ಸೀದಾ ಒಳಗ ಬರತೈತಿ. ಅದಕ್ಕ ತಂಗಿಯ ಅತ್ತಿ ಬಚ್ಚಲದ ಕಿಡಕಿಗೆ ಗ್ವಾಣಿಚೀಲ ತುರುಕಿದ್ರು. ಒಳಗ ಗ್ಯಾಸ್ ಗೀಜರ್ ಉರೀತೈತಿ, ಬಾಗಿಲಾ ಹಾಕೇತಿ, ಕಿಡಕಿ ಮುಚ್ಚೇತಿ. ಆ ಗೀಜರಿನ ಹೊಗಿಗೆ ಬಣ್ಣಿಲ್ಲ, ವಾಸನಿಲ್ಲ. ಜಳಕಕ್ಕ ಹೋದವರು ಕುಂತಲ್ಲೇ ಕುಂತಿರತಾರ, ಮತ್ತ ಏಳೂದಿಲ್ಲ.

ಹೋದಾಗೊಮ್ಮೆ ನಾ ಚೀಲ ಕೀಳಾಂವ, ನಾ ಹೊಂಟ ಕೂಡ್ಲೆ ಅತ್ತಿಯವರು ತುರುಕಾವ್ರು. ಹೆಣ್ಣು ಕೊಟ್ಟ ಮನಿ, ದನಿ ಎತ್ತೂವಂಗಿಲ್ಲ.

"ಅವ್ವಾರ, ಕೆಟ್ಟ ಗಾಳಿ ತುಂಬತೈತ್ರಿ. ಗೀಜರ್ ಹೊರಗಿನ ಗ್ವಾಡಿಗೆ ಹಾಕ್ತೇನ್ರಿ," ಅಂತ ಕೈ ಮುಗದು ಹೇಳತಿದ್ದೆ.

"ತಮ್ಮಾ, ನಾ ಬ್ಯಾಡಗಿಯಾಕಿ. ಕೆಟ್ಟ ಗಾಳಿ ನನಗ ಕಲಸ್ತಿ? ಕೆಮ್ಮು ಬಂದ್ರ ಕೆಟ್ಟ ಗಾಳಿ. ಬರಲಿಲ್ಲಂದ್ರ ಚಲೋ ಗಾಳಿ."

ಬೋರ್ಗಲ್ಲ ಮ್ಯಾಲೆ ಮಳಿ ಸುರಿದಂಗ ಆತು.

ದೃಷ್ಟಿ

ಮೊನ್ನೆ ಥಂಡ್ಯಾಗ ಮುಂಜಾನೆ ಫೋನ್ ಬಂತು. ತಂಗಿ ಬಚ್ಚಲದಾಗ ತಲಿ ತಿರುಗಿ, ಹೆಂಗೋ ಚಿಲಕ ತಗದು, ಹೊಸ್ತಿಲದಾಗ ಬಿದ್ದಿದ್ಲು. ಗಾಡಿ ಹೆಂಗ ಹೊಡದೆ ಅಂಬೂದ ನನಗ ನೆನಪಿಲ್ಲ. ಹೋಗಿ ನೋಡಿದ್ರ ಅಕಿ ಕಟ್ಟಿ ಮ್ಯಾಲೆ ಕುಂತು ಚಾ ಕುಡ್ಯಾಕತ್ತಿದ್ಲು. ಅಕಿ ಮುಖಾ ನೋಡಿ ನಾ ಅಲ್ಲೇ ಕುಂತು ಅತ್ತುಬಿಟ್ಟೆ.

ನಡದದ್ದು ಇಷ್ಟು. ಸೊಸಿ ಬಿದ್ದದ್ದು ನೋಡಿ ಅತ್ತಿಯವರು, "ದೃಷ್ಟಿ ಆಗೈತಿ," ಅಂತ ಹಿಡಿ ಮೆಣಸಿನಕಾಯಿ ನಿವಾಳಿಸಿ ಅಲ್ಲೇ ಕೆಂಡದ ಮ್ಯಾಲೆ ಹಾಕ್ಯಾರ. ಬ್ಯಾಡಗಿ ಕಾಯಿಗೆ ಖಾರ ಕಡಿಮಿ ಅಂತಾರ, ಸುಟ್ಟು ನೋಡ್ರಿ. ಮನಿ ಮಂದಿಯೆಲ್ಲಾ ಕೆಮ್ಮಿ ಕೆಮ್ಮಿ, ಇದ್ದ ಬಾಗಿಲಾ ಕಿಡಕಿ ತಗದು, ಬಚ್ಚಲದ ಗ್ವಾಣಿಚೀಲಾನೂ ಕಿತ್ತು ಒಗದು, ತಂಗೀನ ಎತ್ತಿಕೊಂಡು ಅಂಗಳಕ್ಕ ಓಡ್ಯಾರ. ಗಾಳಿ ಸಿಕ್ಕ ಕೂಡ್ಲೆ ಅಕಿ ಕಣ್ಣು ಬಿಟ್ಟಾಳ.

"ನೋಡಿದೇನು? ದೃಷ್ಟಿ ತಗದ ಕೂಡ್ಲೆ ಎದ್ಲು," ಅಂದ್ರು ಅತ್ತಿಯವರು.

ನಾ ತಂಗೀನ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ, "ಗೀಜರಿನ ಹೊಗಿದ ಕೆಲಸ, ಪುಣ್ಯಕ್ಕ ಉಳದಾರ," ಅಂದ್ರು. ಮನಿಗೆ ಬಂದು ಹೇಳಿದ್ರ ಅತ್ತಿಯವರು, "ಡಾಕ್ಟರಿಗೆ ಇನ್ನಾ ಸಣ್ಣ ವಯಸ್ಸು," ಅಂದ್ರು.

ಅವತ್ತು ನಾ ಬೀಗಸ್ತಾನ ಬದಿಗಿಟ್ಟೆ. "ಅವ್ವಾರ, ಮೆಣಸಿನಕಾಯಿ ಸುಟ್ಟಾಗ ಘಾಟು ಬಂತಲ್ರಿ?"

"ಬಂತು. ಓಣಿ ತುಂಬಾ ಬಂತು."

"ದೃಷ್ಟಿ ಆಗಿದ್ರ ಘಾಟು ಬರೂದಿಲ್ಲ ಅಂತ ನೀವ ಹೇಳತೀರಿ. ಘಾಟು ಬಂತಂದ್ರ ಇಕೀಗೆ ದೃಷ್ಟಿ ಆಗಿಲ್ಲ. ಹೌದಲ್ರಿ?"

ಗೆದ್ದೆ ಅಂದ್ಕೊಂಡೆ. ಅತ್ತಿಯವರು ಮೆಲ್ಲಕ ಬಚ್ಚಲದ ಕಡೆ ತಿರುಗಿ ನೋಡಿದ್ರು. "ಖರೇ ಐತಿ. ಸೊಸಿಗೆ ಆಗಿಲ್ಲ. ಗೀಜರಿಗೆ ಆಗೈತಿ. ತಂದಾಗ ಓಣಿ ಮಂದಿ ಬಂದು ಬಂದು ನೋಡಿ ಹೋದ್ರು."

ಎದಿ ಎದಿ ಬಡಕೊಳ್ಳೂವಂಗ ಆತು. ಆದ್ರ ತಂಗಿ ನನ್ನ ಮುಖಾನ ನೋಡಾಕತ್ತಿದ್ಲು. ನಾಳೆ ಮತ್ತ ಅಕೀನ ಆ ಬಚ್ಚಲಕ್ಕ ಹೋಗಾಕಿ. ಸಿಟ್ಟು ನುಂಗಿದೆ.

"ಹೌದ್ರಿ ಅವ್ವಾರ," ಅಂದೆ. "ದೃಷ್ಟಿ ಆದ ಸಾಮಾನು ಮನಿ ಒಳಗ ಇಡಬಾರದ್ರಿ. ಹೊರಗಿನ ಗ್ವಾಡಿಗೆ ಹಾಕಬೇಕು. ಕಿಡಕೀನೂ ಮುಚ್ಚಬಾರದು, ಒಳಗ ಉಳದದ್ದು ಹೊರಗ ಹೋಗಬೇಕಲ್ರಿ."

ಬಾಯಾಗಿನ ಮಾತು ಮುಗಿಯೂದ್ರಾಗ ಅತ್ತಿಯವರೇ ನಿಚ್ಚಣಿಕಿ ತಂದು ಹಚ್ಚಿದ್ರು. ನಾ ಗೀಜರ್ ಹೊರಗ ಹಾಕಿ ಕೆಳಗ ಇಳಿಯೂ ತನಕ ಅದನ್ನ ಗಟ್ಟಿ ಹಿಡಕೊಂಡು ನಿಂತ್ರು. ಇಳದ ಮ್ಯಾಲೆ ನನ್ನ ಮುಖಕ್ಕ ಬೆರಳು ಮಾಡಿ ಬೈದ್ರು:

"ಇಷ್ಟು ದಿನ ಗಾಳಿ, ಹೊಗಿ ಅಂತ ಏನೇನೋ ಹೇಳಿ ಹೊತ್ತು ಕಳದಿ. ತಂಗಿ ಜೀವದ ಕಾಳಜಿ ಇದ್ದಿದ್ರ ಖರೇ ಕಾರಣ ಮೊದಲ ಹೇಳತಿದ್ದಿ."